ಕಟ್ಟುಕಥೆ ಹೇಳಿದ ನಿಜ

ಕೆಲವು ವರ್ಷಗಳ ಕೆಳಗೆ ತರಗತಿಯಲ್ಲಿ ನಾನು ವಿದ್ಯಾರ್ಥಿಗಳಿಗೆ ಒಂದು ಛಾಯಾಚಿತ್ರವನ್ನು ತೋರಿಸಿದೆ. 1958ರಲ್ಲಿ ಚೀನದ ಪತ್ರಿಕೆಗಳಲ್ಲಿ ಅಚ್ಚಾದ ಚಿತ್ರ ಅದು. ಬೆಳೆದು ನಿಂತ ಬತ್ತದ ಪೈರು. ಅದರ ತೆನೆಗಳ ಮೇಲೆ ನಗುತ್ತ ನಿಂತ ಮಕ್ಕಳು. ಮಕ್ಕಳ ಭಾರವನ್ನು ಕೂಡ ತಾಳುವಷ್ಟು ಒತ್ತಾಗಿ ಬೆಳೆ ಬಂದಿದೆ ಎಂಬುದು ಆ ಚಿತ್ರದ ಅಭಿಪ್ರಾಯ. ನಿಜಾಂಶ ಬೇರೆ. ಹಲವು ಗದ್ದೆಗಳ ಪೈರನ್ನು ಬುಡಸಹಿತ ಕಿತ್ತು ತಂದು ಒಂದೇ ಗದ್ದೆಯಲ್ಲಿ ಒತ್ತಿ ನೆಟ್ಟು ಅಂಥ ‘ದಾಖಲೆ ಬೆಳೆ’ಗಳನ್ನು ಆಗ ಸಿದ್ಧಪಡಿಸುತ್ತಿದ್ದರು. ಕಾಗದದ ಮೇಲೆ ಬೆಳೆದ ಈ ಬೆಳೆಯ ಲೆಕ್ಕವನ್ನು ಹಿಡಿದು ಸರ್ಕಾರ ಹಳ್ಳಿಗಳಿಂದ ನಿಜವಾದ ಧಾನ್ಯವನ್ನು ಎತ್ತಿಕೊಂಡು ಹೋಯಿತು. 1959ರಿಂದ 1961ರವರೆಗೆ ಬಂದ ಕ್ಷಾಮದಲ್ಲಿ ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡುತ್ತಾರೆ. ಆ ಎರಡು ಅಂಕೆಗಳ ನಡುವಣ ಅಂತರವೇ ಒಂದು ದೊಡ್ಡ ದೇಶದ ಜನಸಂಖ್ಯೆಯಷ್ಟಿದೆ.

ಇಷ್ಟನ್ನೂ ಹೇಳಿ, ಈ ಕಾಲವನ್ನು ಕುರಿತ ಕೆಲವು ಕಾದಂಬರಿಗಳನ್ನು ಓದಿರೆಂದು ನಾನು ಸಲಹೆ ಮಾಡಿದಾಗ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸಾರ್, ಕಣ್ಣಿಗೆ ಕಾಣುವ ಚಿತ್ರವೇ ಸುಳ್ಳು ಹೇಳಿತೆಂದ ಮೇಲೆ, ಒಬ್ಬರು ಹುಟ್ಟಿಸಿಕೊಂಡು ಬರೆದ ಕಥೆ ನಿಜ ಹೇಳುತ್ತದೆಂದು ನಂಬುವುದು ಹೇಗೆ?”

ಕಲೆಯ ಸತ್ಯ, ವಸ್ತುಸ್ಥಿತಿಯ ಸತ್ಯ ಎಂದು ಏನೋ ಎರಡು ಮಾತು ಆಡಿದೆ. ಹುಡುಗಿ ವಿನಯದಿಂದ ಕುಳಿತಳು. ಅವಳಿಗೆ ಒಪ್ಪಿಗೆಯಾಗಲಿಲ್ಲವೆಂಬುದು ಅವಳ ಮುಖದಲ್ಲಿಯೇ ಇತ್ತು, ನನಗೂ ಆಗಲಿಲ್ಲ. ಉಪಾಧ್ಯಾಯನಾದವನಿಗೆ ಇಂಥ ಪ್ರಶ್ನೆಗಳು ಸಾಲದ ಹಾಗೆ. ತೀರಿಸದೆ ಬಿಟ್ಟರೆ ಬೆಳೆಯುತ್ತವೆ. ಅಂದಿನಿಂದ ಆ ಪುಸ್ತಕಗಳನ್ನು ಇಂಗ್ಲಿಷಿನ ಮೂಲಕ ಮತ್ತೆ ಮತ್ತೆ ಓದಿದ್ದೇನೆ. ಈ ಲೇಖನ ಅವಳಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಒಂದು ಮಾತನ್ನು ಗಮನಿಸಬೇಕು. ಅಂದಿನ ಚೀನದಲ್ಲಿ ಕಥೆ ಕಟ್ಟುವ ಕೆಲಸ ಸಾಹಿತಿಗಳಿಗೆ ಮಾತ್ರ ಮೀಸಲಾಗಿರಲಿಲ್ಲ. 1942ರಲ್ಲಿ ಯೆನಾನಿನಲ್ಲಿ ಮಾವೊ ಮಾಡಿದ ಭಾಷಣಗಳು, ಸಾಹಿತ್ಯ ರಾಜಕೀಯದ ಸೇವೆಯಲ್ಲಿರಬೇಕೆಂದು ವಿಧಿಸಿದುವು. 1949ರ ನಂತರ ಇಡೀ ದೇಶದ ಸಾಹಿತ್ಯಕ್ಕೆ ಅದೇ ಕಟ್ಟಳೆಯಾಯಿತು. ಆದರೆ ಲೇಖಕನಿಗೆ ಮಾತ್ರವೇ ಏಕೆ, ಸಾಮಾನ್ಯನಿಗೂ ಲೇಖನಿಯನ್ನು ಕೊಟ್ಟರು. ಉಪಾಧ್ಯಾಯ, ಗುಮಾಸ್ತ, ಎಂಜಿನಿಯರು, ಎಲ್ಲರೂ ತಮ್ಮ ಜೀವನಚರಿತ್ರೆಯನ್ನು ಬರೆದು ಒಪ್ಪಿಸಬೇಕು, ಆತ್ಮವಿಮರ್ಶೆ ಬರೆಯಬೇಕು, ತಪ್ಪೊಪ್ಪಿಗೆ ಬರೆಯಬೇಕು, ಬರೆದುದು ಸಾಲದೆಂದರೆ ಮತ್ತೆ ಬರೆಯಬೇಕು. ಮಾಡದ ತಪ್ಪನ್ನು ಒಪ್ಪುವಂತೆ ಬರೆಯುವುದೆಂದರೆ ಪಾತ್ರ ಸೃಷ್ಟಿಸುವುದೆಂದೇ ಅರ್ಥ. ಆ ಪಾತ್ರ ತಾನೇ ಎಂಬುದು ಅದರಲ್ಲಿನ ಕ್ರೌರ್ಯ. ಹಳ್ಳಿಯ ಅಧಿಕಾರಿ ಬೆಳೆಯ ಕಥೆ ಬರೆದ. ಪಟ್ಟಣದ ವಿದ್ವಾಂಸ ತನ್ನ ಪಾಪದ ಕಥೆ ಬರೆದ. ನೆರೆಯವನು ನೆರೆಯವನ ಕಥೆ ಬರೆದ. ಎಲ್ಲ ಕಥೆಗಳೂ ಕಡತಗಳಲ್ಲಿ ಸೇರಿ ನಿಜವೆಂಬ ಮುದ್ರೆಯನ್ನು ಪಡೆದುವು.

ಇಂಥ ದೇಶದಲ್ಲಿ ಕಾದಂಬರಿಕಾರನ ಪಾಡೇನು? ನಾನು ಓದಿದವರಲ್ಲಿ ಮೂವರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದಾರೆ. ಒಬ್ಬರು ದೇಶ ಬಿಟ್ಟು ಹೊರಟವರು. ಒಬ್ಬರು ನಂಬಿ ಬಂದು ಏಳು ವರ್ಷ ಇದ್ದು ಹಿಂದಿರುಗಿದವರು. ಒಬ್ಬರು ಅಲ್ಲಿಯೇ ಉಳಿದವರು.

ಮೊದಲನೆಯವರು ಐಲೀನ್ ಚಾಂಗ್. 1920ರಲ್ಲಿ ಹುಟ್ಟಿದ ಈಕೆ ಇಪ್ಪತ್ತಮೂರು ಇಪ್ಪತ್ತನಾಲ್ಕರ ವಯಸ್ಸಿನಲ್ಲಿಯೇ ಶಾಂಘಾಯಿಯ ಓದುಗರ ಕಣ್ಮಣಿಯಾಗಿದ್ದರು. 1952ರಲ್ಲಿ ಶಾಂಘಾಯಿಯನ್ನು ಬಿಟ್ಟು ಹಾಂಗ್‌ಕಾಂಗಿಗೆ ಹೋದರು. ಅಲ್ಲಿ ಬರೆದ ‘ದಿ ರೈಸ್-ಸ್ಪ್ರೌಟ್ ಸಾಂಗ್’ ಎಂಬ ಕಾದಂಬರಿ 1955ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ನಾಟಿಯ ಪೈರಿನ ಹಾಡು ಎಂದು ಹೆಸರಿನ ಅರ್ಥ. ಉತ್ತರ ಚೀನದ ಹಳ್ಳಿಗಳ ಈ ಹಾಡುಕುಣಿತವನ್ನು ಪಕ್ಷ ತನ್ನ ಉತ್ಸವಗಳ ಕುಣಿತವನ್ನಾಗಿ ಮಾಡಿಕೊಂಡಿತ್ತು.

ಕಥೆ ಸರಳವಾದುದು. ಭೂಸುಧಾರಣೆಯಾಗಿ ರೈತನಿಗೆ ಭೂಮಿ ಬಂದಿದೆ. ಭೂಮಿಯ ಪತ್ರವೂ ಬಂದಿದೆ. ಆದರೆ ಮಡಕೆಯಲ್ಲಿ ಇರುವುದು ನೀರಾದ ಗಂಜಿ. ಗೋಲ್ಡ್ ರೂಟ್ ಎಂಬ ರೈತನ ಹೆಂಡತಿ ಮೂನ್ ಸೆಂಟ್ ಶಾಂಘಾಯಿಯಲ್ಲಿ ಮನೆಗೆಲಸ ಮಾಡಿಕೊಂಡಿದ್ದವಳು, ಹಳ್ಳಿಯಲ್ಲಿ ಈಗ ಸುಖವಿದೆಯೆಂದು ನಂಬಿ ಹಿಂದಿರುಗುತ್ತಾಳೆ. ಹಸಿವು ಅವಳಿಗೆ ಕಾಣುತ್ತದೆ. ಆದರೆ ಹಸಿವು ಎಂಬ ಮಾತನ್ನು ಯಾರೂ ಆಡುವಂತಿಲ್ಲ. ನೆಂಟರಿಷ್ಟರ ನಡುವೆ ಕೂಡ ಎಲ್ಲರೂ ಬೆಳೆ ಚೆನ್ನಾಗಿ ಬಂದಿದೆಯೆಂದೇ ಹೇಳಬೇಕು. ಹೊಸ ವರ್ಷಕ್ಕೆ ಸೈನಿಕರ ಮನೆಗಳಿಗೆ ಕಾಣಿಕೆ ಒಪ್ಪಿಸಬೇಕೆಂಬ ಅಪ್ಪಣೆ ಬಂದಾಗ ತಾಳ್ಮೆ ಕಡಿಯುತ್ತದೆ. ಜನ ಕಣಜದ ಮುಂದೆ ಸೇರುತ್ತಾರೆ, ಗುಂಡು ಹಾರುತ್ತದೆ. ಗಂಡನನ್ನೂ ಕಾಲ್ತುಳಿತದಲ್ಲಿ ಮಗಳನ್ನೂ ಕಳೆದುಕೊಂಡ ಮೂನ್ ಸೆಂಟ್ ರಾತ್ರಿ ಕಣಜಕ್ಕೆ ಬೆಂಕಿಯಿಟ್ಟು ತಾನೂ ಸಾಯುತ್ತಾಳೆ.

ಇಷ್ಟೇ ಆಗಿದ್ದರೆ ಇದನ್ನು ಒಂದು ಪಕ್ಷದ ಪ್ರಚಾರಕ್ಕೆ ಇನ್ನೊಂದು ಪಕ್ಷ ಕೊಟ್ಟ ಉತ್ತರವೆಂದು ತಳ್ಳಿಹಾಕಬಹುದಾಗಿತ್ತು. ಹಾಂಗ್‌ಕಾಂಗಿನಲ್ಲಿದ್ದ ಅಮೆರಿಕದ ವಾರ್ತಾ ಇಲಾಖೆಗೆ ಆಕೆ ಕೆಲಸ ಮಾಡುತ್ತಿದ್ದರು, ಅದರ ನೆರವೂ ಅವರಿಗಿತ್ತು ಎಂಬುದು ಮುಚ್ಚಿಡುವ ವಿಷಯವಲ್ಲ. ಆದರೆ ಚಾಂಗ್ ಈ ಕಾದಂಬರಿಯಲ್ಲಿ ಕು ಎಂಬ ಒಬ್ಬ ಲೇಖಕನನ್ನು ತಂದಿದ್ದಾರೆ. ಚಲಚ್ಚಿತ್ರಕ್ಕೆ ಕಥೆ ಬರೆಯಲು ‘ಜನಜೀವನ’ವನ್ನು ನೋಡಲೆಂದು ಪಟ್ಟಣದಿಂದ ಹಳ್ಳಿಗೆ ಬಂದವನು ಈತ. ಎಲ್ಲರ ಹಾಗೆ ಅವನಿಗೂ ಹಸಿವು. ಮೆಲ್ಲನೆ ಪೇಟೆಗೆ ಹೋಗಿ ತಿನಿಸು ಕೊಂಡುತಂದು, ಹಸಿದ ಮನೆಯವರಿಗೆ ಕಾಣದಂತೆ ಬಾಗಿಲು ಮುಚ್ಚಿ ತಿನ್ನುತ್ತಾನೆ. ಹಗಲು ಕಾಗದವನ್ನು ಮುಂದಿಟ್ಟುಕೊಂಡು, ಜನರೆಲ್ಲ ಸಂತೋಷದಿಂದ ಕೂಡಿ ಅಣೆಕಟ್ಟು ಕಟ್ಟುವ ಕಥೆ ಬರೆಯುತ್ತಾನೆ. ಆ ಹಳ್ಳಿಗೆ ಅಣೆಕಟ್ಟಿನ ಆವಶ್ಯಕತೆಯೇ ಇಲ್ಲ! ಕಡೆಗೆ ಕಣಜದ ಬೆಂಕಿ ಅವನ ಕಣ್ಣೆದುರಿಗೇ ಏಳುತ್ತದೆ. ಅದರ ಸೊಬಗಿಗೆ ಅವನು ಮರುಳಾಗುತ್ತಾನೆ. ಚಿತ್ರಕ್ಕೆ ಅದು ಬೇಕು. ಆದರೆ ಹೊಸ ಸಮಾಜದಲ್ಲಿ ರೈತರೇ ಬೆಂಕಿಯಿಡುವುದುಂಟೆ? ಆದ್ದರಿಂದ ಅವನ ಕಥೆಯಲ್ಲಿ ಅದು ಶತ್ರುಗಳು ಹಚ್ಚಿದ ಬೆಂಕಿಯಾಗುತ್ತದೆ.

ಈ ಕು ದುಷ್ಟನಲ್ಲವೆಂಬುದನ್ನು ಮರೆಯಬಾರದು. ಅಂಜುಬುರುಕ, ಒಂದಿಷ್ಟು ನಾಚಿಕೆಯುಳ್ಳವನು, ಹೆಂಡತಿಯ ನೆನಪಾಗಿ ಕಣ್ಣು ಒದ್ದೆ ಮಾಡಿಕೊಳ್ಳುವವನು. ನಮ್ಮ ನಿಮ್ಮಂಥವನೇ. ಒಬ್ಬ ಹೆಣ್ಣುಮಗಳ ಸಂಸಾರ ಸುಟ್ಟು ಬೂದಿಯಾದ ಬೆಂಕಿಯನ್ನು ತನ್ನ ಕಸಬಿಗೆ ಸಾಮಗ್ರಿಯಾಗಿ ಮಾಡಿಕೊಂಡನಲ್ಲ ಎಂದು ನಾವು ಮುನಿಯುವ ಹೊತ್ತಿಗೆ, ಅದೇ ಬೆಂಕಿಯನ್ನು ಚಾಂಗ್ ಅವರೂ ಸಾಮಗ್ರಿಯಾಗಿ ಮಾಡಿಕೊಂಡಿದ್ದಾರೆಂಬುದು ನೆನಪಾಗುತ್ತದೆ. ಈ ನೆನಪನ್ನು ತಂದುಕೊಟ್ಟವರು ಬೇರೆ ಯಾರೂ ಅಲ್ಲ, ಚಾಂಗ್ ಅವರೇ. ಪ್ರಚಾರಸಾಹಿತ್ಯ ಈ ಕೆಲಸವನ್ನು ಎಂದಿಗೂ ಮಾಡದು. ಅದು ಎದುರಾಳಿಯತ್ತ ಬೆರಳು ತೋರಿಸುತ್ತದೆ, ತನ್ನತ್ತ ತಿರುಗಿಸಿಕೊಳ್ಳುವುದಿಲ್ಲ.

ಎರಡನೆಯವರು ಚೆನ್ ಜೋ-ಷಿ. ಇವರ ದಾರಿ ಚಾಂಗ್ ಅವರ ದಾರಿಗೆ ತಿರುಗುಮುರುಗಾದುದು. 1938ರಲ್ಲಿ ತೈವಾನಿನಲ್ಲಿ ಬಡಗಿಯ ಮಗಳಾಗಿ ಹುಟ್ಟಿ, ಅಮೆರಿಕದಲ್ಲಿ ಓದಿ, ಹೊಸ ಚೀನವನ್ನು ಕಟ್ಟುವ ಕೆಲಸದಲ್ಲಿ ತಮ್ಮದೂ ಒಂದು ಕೈಯಿರಲೆಂದು ಪತಿಯೊಡನೆ 1966ರಲ್ಲಿ ಚೀನಕ್ಕೆ ಹೋದರು. ಹೋದ ಗಳಿಗೆಯನ್ನು ನೋಡಿ! ಸಾಂಸ್ಕೃತಿಕ ಕ್ರಾಂತಿ ಆಗಷ್ಟೇ ಭುಗಿಲೆದ್ದಿತ್ತು. ಆ ವರ್ಷದ ಆಗಸ್ಟ್ ತಿಂಗಳಿನಲ್ಲಿ, ಬೀಜಿಂಗ್ ನಗರದಿಂದ ‘ಜನತೆಯ ಕಲಾವಿದ’ ಎಂಬ ಬಿರುದು ಪಡೆದಿದ್ದ ಹಿರಿಯ ಕಾದಂಬರಿಕಾರ ಲಾವೊ ಷೆ ಅವರನ್ನು ಕೆಂಪು ಕಾವಲುಪಡೆಯ ಹುಡುಗರು ಹೊಡೆದು ಅವಮಾನಪಡಿಸಿದ್ದರು. ಮರುದಿನ ಅವರು ತೈಪಿಂಗ್ ಕೆರೆಯ ಪಾಲಾದರು. ‘ರಿಕ್ಷಾ ಬಾಯ್’ ಬರೆದ, ಬೀಜಿಂಗಿನ ಬಡವರ ಬದುಕನ್ನು ಅಷ್ಟು ಅಕ್ಕರೆಯಿಂದ ಚಿತ್ರಿಸಿದ ಲೇಖಕನಿಗೆ ಆ ನಗರದಲ್ಲಿ ಸಿಕ್ಕಿದ ಕೊನೆ ಅದು.

ಚೆನ್ ದಂಪತಿಗಳು ನಾನ್‌ಜಿಂಗಿನಲ್ಲಿ ಕಾಲೇಜು ಅಧ್ಯಾಪಕರಾಗಿದ್ದರು. 1973ರಲ್ಲಿ ಹೊರಬಂದು, ಮರುವರ್ಷದಿಂದ ಹಾಂಗ್‌ಕಾಂಗಿನ ಪತ್ರಿಕೆಯಲ್ಲಿ ಕಥೆಗಳನ್ನು ಪ್ರಕಟಿಸಲು ಆರಂಭಿಸಿದರು. ‘ದಿ ಎಕ್ಸಿಕ್ಯೂಷನ್ ಆಫ್ ಮೇಯರ್ ಯಿನ್’ ಎಂಬ ಸಂಗ್ರಹವಾಗಿ 1978ರಲ್ಲಿ ಅವು ಇಂಗ್ಲಿಷಿಗೆ ಬಂದುವು.

ಈ ಕಥೆಗಳಲ್ಲಿ ಕೂಗಾಟವಿಲ್ಲ. ಒಂದು ಕಥೆಯಲ್ಲಿ ತಾಯಿಗೆ ಸುದ್ದಿ ಬರುತ್ತದೆ: ನಾಲ್ಕು ವರ್ಷ ತುಂಬುತ್ತಿರುವ ಅವಳ ಮಗ ಆಟವಾಡುತ್ತ “ಅಧ್ಯಕ್ಷ ಮಾವೊ ಕೆಟ್ಟ ಮೊಟ್ಟೆ” ಎಂದನಂತೆ. ಚೀನೀ ಭಾಷೆಯಲ್ಲಿ ಮಕ್ಕಳು ದಿನಕ್ಕೆ ಹತ್ತು ಸಲ ಒಬ್ಬರಿಗೊಬ್ಬರು ಆಡುವ ಬೈಗುಳ ಅದು. ತಾಯಿಯ ಎದೆ ಒಡೆಯುತ್ತದೆ. ಯಾರು ಕೇಳಿಸಿಕೊಂಡರು? ಯಾರು ಹೇಳಿಯಾರು? ಕಡತದಲ್ಲಿ ಒಮ್ಮೆ ಸೇರಿತೆಂದರೆ ಮಗುವಿನ ಗತಿಯೇನು? ಇದರಲ್ಲಿ ಹೊಡೆದವರಿಲ್ಲ, ಬಡಿದವರಿಲ್ಲ. ಆದರೆ ತಾಯಿಯೊಬ್ಬಳು ತನ್ನ ಮಗುವಿನ ತೊದಲು ಮಾತಿಗೆ ಹೆದರುವಂತಾಯಿತಲ್ಲ! ದಬ್ಬಾಳಿಕೆ ಅಡುಗೆಮನೆಯನ್ನು ಹೊಕ್ಕಿತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವೇನು ಬೇಕು?

ಇನ್ನೊಂದು ಕಥೆಯಲ್ಲಿ ಮುದುಕನೊಬ್ಬ ಕಾಯಿಲೆಯ ಹೆಂಡತಿಗೆಂದು ಮೀನು ತರಲು ಮಾರುಕಟ್ಟೆಗೆ ಹೋಗುತ್ತಾನೆ. ಎಂದೂ ಇಲ್ಲದ ಮೀನು ಅಂದು ರಾಶಿಯಾಗಿ ಬಿದ್ದಿದೆ. ಹಿಗ್ಗಿ ಒಂದು ದೊಡ್ಡ ಮೀನನ್ನು ಕೊಳ್ಳುತ್ತಾನೆ. ಆಮೇಲೆ ತಿಳಿಯುತ್ತದೆ, ಅದು ವಿದೇಶೀ ಅತಿಥಿಗಳ ಕಣ್ಣಿಗೆಂದು ಇಟ್ಟ ಮೀನು. ಅವನ ಕೈಯಿಂದ ಅದನ್ನು ಮರಳಿ ಪಡೆಯುತ್ತಾರೆ. 1958ರ ಬತ್ತದ ಚಿತ್ರವನ್ನು ಇಲ್ಲಿ ನೆನೆಯಿರಿ. ಅತಿಥಿ ತೆಗೆದ ಛಾಯಾಚಿತ್ರದಲ್ಲಿ ಮೀನು ಇರುತ್ತದೆ. ಕಥೆಯಲ್ಲಿ ಮಾತ್ರ ಮುದುಕನ ಬರಿಗೈ ಇರುತ್ತದೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ನನಗೆ ಸಿಕ್ಕಿದ್ದು ಈ ಬರಿಗೈಯಲ್ಲಿ.

ಸಂಗ್ರಹಕ್ಕೆ ಹೆಸರು ಕೊಟ್ಟ ಕಥೆಯ ಯಿನ್, ಅಂತರ್ಯುದ್ಧದ ಕಾಲದಲ್ಲಿ ಕಮ್ಯೂನಿಸ್ಟರ ಮಾತನ್ನು ನಂಬಿ ತನ್ನ ಸೈನಿಕರೊಡನೆ ಶರಣಾಗಿ, ಅಂದಿನಿಂದ ನಿಷ್ಠೆಯಿಂದ ಬಾಳಿದವನು. ಸಾಂಸ್ಕೃತಿಕ ಕ್ರಾಂತಿಯ ಹುಡುಗರಿಗೆ ಒಬ್ಬ ಶತ್ರು ಬೇಕಾದಾಗ ಅವನ ಹಳೆಯ ಲೆಕ್ಕ ಹೊರಬರುತ್ತದೆ. ಗುಂಡಿಗೆ ಎದುರಾಗಿ ನಿಂತ ಯಿನ್ “ಅಧ್ಯಕ್ಷ ಮಾವೊಗೆ ಜಯವಾಗಲಿ” ಎಂದು ಕೂಗುತ್ತಾನೆ. ಕೊಲ್ಲುವವರು ತಬ್ಬಿಬ್ಬಾಗುತ್ತಾರೆ. ಆ ಕೂಗು ನಂಬಿಕೆಯದೋ, ಬೇಡಿಕೆಯದೋ, ಆಪಾದನೆಯದೋ? ಲೇಖಕಿ ಹೇಳುವುದಿಲ್ಲ. ಎಲ್ಲರಿಗೂ ಒಂದೇ ಮಾತನ್ನು ಕಲಿಸಿಕೊಟ್ಟ ನಾಡಿನಲ್ಲಿ ಸಾಯುವವನಿಗೂ ಕೊಲ್ಲುವವನಿಗೂ ಬೇರೆ ಮಾತು ಉಳಿದಿರಲಿಲ್ಲ.

ಚೆನ್ ಅವರನ್ನು ಯಾವುದಾದರೊಂದು ಪಾಳೆಯದವರೆಂದು ಎಣಿಸುವವರು ಮುಂದೆ ನಡೆದುದನ್ನೂ ಗಮನಿಸಬೇಕು. 1979ರ ಡಿಸೆಂಬರಿನಲ್ಲಿ ತೈವಾನ್ ಸರ್ಕಾರ ಅಲ್ಲಿಯ ವಿರೋಧಿಗಳನ್ನು ಸೆರೆಗೆ ತಳ್ಳಿದಾಗ, 1980ರಲ್ಲಿ ತೈವಾನಿಗೆ ಹೋಗಿ ಅಧ್ಯಕ್ಷ ಚಿಯಾಂಗ್ ಚಿಂಗ್-ಕುವೊ ಅವರನ್ನು ಕಂಡು, ಬಂದಿಗಳ ಪರವಾಗಿ ಮನವಿಪತ್ರ ಒಪ್ಪಿಸಿದವರು ಇವರೇ. ಸಮುದ್ರದ ಆ ಕಡೆ ತಪ್ಪಾದುದು ಈ ಕಡೆಯೂ ತಪ್ಪೆಂಬುದು ಅವರ ನಿಲುವು. ಇಂಥವರ ಮಾತಿಗೆ ತೂಕವಿರುತ್ತದೆ.

1976ರಲ್ಲಿ ಮಾವೊ ತೀರಿಕೊಂಡ ಮೇಲೆ ದೇಶದ ಒಳಗೂ ಬಾಗಿಲು ಸ್ವಲ್ಪ ತೆರೆಯಿತು. ಶಾಂಘಾಯಿಯ ಫುದಾನ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲು ಷಿನ್‌ಹುವಾ ಬರೆದ ಕಥೆಯೊಂದು ಮೊದಲು ಗೋಡೆಪತ್ರಿಕೆಯಾಗಿ ಅಂಟಿ, ಅನಂತರ 1978ರ ಆಗಸ್ಟ್ 11ರಂದು ‘ವೆನ್‌ಹುಯಿ ಬಾವೊ’ ದಿನಪತ್ರಿಕೆಯಲ್ಲಿ ಅಚ್ಚಾಯಿತು. ದ್ರೋಹಿಯೆಂದು ಹಣೆಪಟ್ಟಿ ಹೊತ್ತ ತಾಯಿಯನ್ನು ತೊರೆದುಹೋದ ಮಗಳು, ವರ್ಷಗಳ ನಂತರ ತಾಯಿ ನಿರಪರಾಧಿಯೆಂದು ತಿಳಿದು ಓಡಿಬರುವ ಹೊತ್ತಿಗೆ ತಾಯಿ ಇಲ್ಲ. ‘ಗಾಯದ ಕಲೆ’ ಎಂಬ ಈ ಕಥೆಯಿಂದ ಒಂದು ಸಾಹಿತ್ಯಪಂಥಕ್ಕೇ ಹೆಸರು ಬಂದಿತು. ಲಕ್ಷಾಂತರ ಜನ ಅತ್ತರು. ಆದರೆ ಆ ಕಣ್ಣೀರಿಗೆ ಅಪ್ಪಣೆಯಿತ್ತು. ದೋಷವೆಲ್ಲ ನಾಲ್ವರ ಕೂಟದ ಮೇಲೆ ಬಿದ್ದರೆ ಸಾಕೆಂಬ ಎಲ್ಲೆಯೂ ಇತ್ತು. ತಾಯಿಯನ್ನು ಬಿಟ್ಟುಹೋದ ಮಗಳ ಪಾಲು ಎಷ್ಟು, ಬರೆದುಕೊಟ್ಟ ನೆರೆಯವನ ಪಾಲು ಎಷ್ಟು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದಕ್ಕೆ ಇನ್ನೂ ಕಾಲ ಹಿಡಿಯಿತು.

ಆ ಪ್ರಶ್ನೆಯನ್ನು ಎತ್ತಿದವರಲ್ಲಿ ನನ್ನ ಮೂರನೆಯ ಲೇಖಕ ಯಾನ್ ಲಿಯಾಂಕೆ ಒಬ್ಬರು. 1958ರಲ್ಲಿ, ಅಂದರೆ ಆ ಬತ್ತದ ಚಿತ್ರದ ವರ್ಷದಲ್ಲಿಯೇ, ಹೆನಾನ್ ಪ್ರಾಂತದ ಬಡ ಹಳ್ಳಿಯೊಂದರಲ್ಲಿ ಹುಟ್ಟಿದವರು; ಬಹುಕಾಲ ಸೈನ್ಯದಲ್ಲಿ ಲೇಖಕರಾಗಿದ್ದವರು. ಅವರ ‘ದಿ ಫೋರ್ ಬುಕ್ಸ್’ ಕಾದಂಬರಿ ಸ್ವದೇಶದಲ್ಲಿ ಅಚ್ಚಾಗದೆ, 2011ರಲ್ಲಿ ತೈವಾನಿನಲ್ಲಿ ಬೆಳಕು ಕಂಡಿತು. 2015ರಲ್ಲಿ ಇಂಗ್ಲಿಷಿಗೆ ಬಂದಿತು.

ಹಳದಿ ನದಿಯ ದಡದ ಒಂದು ಶ್ರಮಶಿಬಿರದಲ್ಲಿ ಪಂಡಿತರನ್ನು ತಂದು ಕೂಡಿದ್ದಾರೆ. 1957ರ ಬಲಪಂಥೀಯ ವಿರೋಧಿ ಚಳುವಳಿಯಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ಹಣೆಪಟ್ಟಿ ಹಚ್ಚಿದುದು ಚರಿತ್ರೆ. ಅವರಲ್ಲಿ ಕೆಲವರನ್ನು ಯಾನ್ ಹೆಸರಿಲ್ಲದ ಪಾತ್ರಗಳನ್ನಾಗಿ ಮಾಡಿದ್ದಾರೆ: ಲೇಖಕ, ವಿದ್ವಾಂಸ, ಸಂಗೀತಗಾರ್ತಿ, ಧರ್ಮಜ್ಞ. ಶಿಬಿರದ ಒಡೆಯನ ಹೆಸರು ‘ಮಗು’. ತಪ್ಪದೆ ನಡೆದವರಿಗೆ ಅವನು ಕೆಂಪು ಕಾಗದದ ಹೂಗಳನ್ನು ಕೊಡುತ್ತಾನೆ. ಹೂಗಳು ಸಾಕಷ್ಟು ಕೂಡಿದರೆ ಮನೆಗೆ ಹೋಗಬಹುದು. ಲೇಖಕನಿಗೆ ಮಾತ್ರ ಕಾಗದ, ಮಸಿ ಕೊಡುತ್ತಾರೆ. ಏತಕ್ಕೆ? ಜೊತೆಯವರ ಮಾತು ನಡತೆಗಳನ್ನು ಗುಟ್ಟಾಗಿ ಬರೆದು ಒಪ್ಪಿಸುವುದಕ್ಕೆ. ಅವನು ಒಪ್ಪಿಸುತ್ತಾನೆ. ವಿದ್ವಾಂಸ ಮತ್ತು ಸಂಗೀತಗಾರ್ತಿಯರ ಪ್ರೇಮ ಅವನ ದೂರಿನಿಂದಲೇ ಬಯಲಿಗೆ ಬೀಳುತ್ತದೆ. ಹಾಗೆ ಬರೆಯುತ್ತಲೇ, ಕೊಟ್ಟ ಕಾಗದದಲ್ಲಿ ಸ್ವಲ್ಪ ಉಳಿಸಿ, ಅದೇ ಮಸಿಯಿಂದ, ನಡೆದುದನ್ನು ನಡೆದಂತೆ ಹೇಳುವ ಇನ್ನೊಂದು ಪುಸ್ತಕವನ್ನೂ ಬರೆಯುತ್ತಾನೆ.

ಒಂದೇ ಕೈ, ಒಂದೇ ಮಸಿ. ಒಂದು ಪುಟದಲ್ಲಿ ದ್ರೋಹ, ಇನ್ನೊಂದರಲ್ಲಿ ಸತ್ಯ. ದಬ್ಬಾಳಿಕೆಯ ಕೆಳಗೆ ಬರೆಯುವವನ ಸ್ಥಿತಿಯನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಹೇಳಿದ ಪ್ರತಿಮೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಇದೇ ಲೇಖಕ, ಜೋಳದ ತೆನೆಯನ್ನು ಮೀರಿಸುವ ಗೋಧಿಯ ತೆನೆ ಬೆಳೆಯುತ್ತೇನೆಂದು ಹೊರಟು, ಮರಳುಗುಡ್ಡದ ಮೇಲೆ ತನ್ನ ರಕ್ತವನ್ನು ಬಸಿದು ಪೈರಿಗೆ ಉಣಿಸುತ್ತಾನೆ. ತೆನೆ ಬೆಳೆಯುತ್ತದೆ. ಈ ಭಾಗವನ್ನು ಓದುವಾಗ ನನಗೆ ಆ ಛಾಯಾಚಿತ್ರ ಮತ್ತೆ ಕಣ್ಣಿಗೆ ಕಟ್ಟಿತು. ರಕ್ತದಿಂದ ಗೋಧಿ ಬೆಳೆಯುವುದಿಲ್ಲ. ಇದು ನಡೆಯದ ಸಂಗತಿ. ಆದರೆ ಆ ದಾಖಲೆ ಬೆಳೆಗಳನ್ನು ಜನ ಏನನ್ನು ತೆತ್ತು ಬೆಳೆದರೆಂದು ಕೇಳಿದರೆ, ಯಾನ್ ಕೊಟ್ಟ ಉತ್ತರ ಪತ್ರಿಕೆಗಳು ಅಚ್ಚುಹಾಕಿದ ಉತ್ತರಕ್ಕಿಂತ ಹೆಚ್ಚು ಸರಿಯಾದುದು. ಕ್ಷಾಮ ಬಂದಾಗ ಸಂಗೀತಗಾರ್ತಿ ಸಾಯುತ್ತಾಳೆ. ತನ್ನ ದೂರಿನ ಪಾಪವನ್ನು ತೀರಿಸಲು ಲೇಖಕ ತನ್ನ ಕಾಲಿನ ಮಾಂಸವನ್ನೇ ಕೊಯ್ದು ಬೇಯಿಸಿ ಅವಳಿಗೆ ಎಡೆಯಿಡುತ್ತಾನೆ. ಕ್ಷಮೆ ಸಿಕ್ಕಿತೆಂದು ಕಾದಂಬರಿ ಹೇಳುವುದಿಲ್ಲ.

ಈಗ ನನ್ನ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಹುಟ್ಟಿಸಿದ ಕಥೆಯನ್ನು ಏಕೆ ನಂಬಬೇಕು? ಎಲ್ಲ ಕಥೆಗಳನ್ನೂ ನಂಬಬೇಕಾಗಿಲ್ಲ. ಕು ಬರೆದ ಅಣೆಕಟ್ಟಿನ ಕಥೆಯೂ ಕಥೆಯೇ. ಆದರೆ ನಂಬಲು ತಕ್ಕ ಕಥೆಗೆ ಕೆಲವು ಗುರುತುಗಳುಂಟು. ಮೊದಲನೆಯದು, ಅದು ತನ್ನನ್ನು ಕಥೆಯೆಂದೇ ಕರೆದುಕೊಳ್ಳುತ್ತದೆ. ಬತ್ತದ ಚಿತ್ರ ತಾನು ಕಟ್ಟಿದ್ದೆಂದು ಹೇಳಲಿಲ್ಲ. ತಪ್ಪೊಪ್ಪಿಗೆಯ ಕಡತವೂ ಹೇಳಲಿಲ್ಲ. ಕಾದಂಬರಿ ಮೊದಲ ಪುಟದಲ್ಲಿಯೇ ಹೇಳುತ್ತದೆ. ಒಪ್ಪುವುದನ್ನೂ ಬಿಡುವುದನ್ನೂ ಓದುಗನಿಗೆ ಬಿಡುತ್ತದೆ. ಎರಡನೆಯದು, ಯಾರಿಗೂ ಉಪಯೋಗವಿಲ್ಲದ ವಿವರಗಳನ್ನು ಅದು ಕಾಪಾಡುತ್ತದೆ. ಮುದುಕನ ಬರಿಗೈಯಿಂದ ಯಾವ ಪಕ್ಷಕ್ಕೆ ಲಾಭ? ಮೂರನೆಯದು, ಮುಖ್ಯವಾದುದು. ಅದು ಬರೆಯುವವನನ್ನೇ ಮೊದಲು ಕಟಕಟೆಗೆ ತರುತ್ತದೆ. ಬಾಗಿಲು ಮುಚ್ಚಿ ತಿನ್ನುವ ಕು, ಕಾಗದ ಉಳಿಸಿಕೊಂಡ ದೂರುಗಾರ ಲೇಖಕ, ಇವರನ್ನು ಚಾಂಗ್ ಮತ್ತು ಯಾನ್ ಹುಡುಕಿದ್ದು ಶತ್ರುಗಳ ಸಾಲಿನಲ್ಲಲ್ಲ, ತಮ್ಮ ಕಸಬಿನಲ್ಲಿ.

ದೂರದ ದೇಶದ ಕಥೆಯನ್ನೋದಿ ನಾವು ನಿರಾಳವಾಗಿ ಪುಸ್ತಕ ಮುಚ್ಚುವುದು ಸುಲಭ. ಆದರೆ 1975ರಿಂದ 1977ರವರೆಗೆ ನಮ್ಮಲ್ಲಿಯೂ ಪತ್ರಿಕೆಗಳು ಅಧಿಕಾರಿಗಳ ಕಣ್ಣು ಹಾಯದೆ ಹೊರಬರುವಂತಿರಲಿಲ್ಲ. ಆ ಇಪ್ಪತ್ತೊಂದು ತಿಂಗಳನ್ನು ಚೀನದ ಆ ವರ್ಷಗಳೊಡನೆ ತೂಗುವುದು ನ್ಯಾಯವಲ್ಲ. ಆದರೂ, ಮಾತನಾಡುವ ಮುನ್ನ ಒಮ್ಮೆ ಬಾಗಿಲಿನತ್ತ ನೋಡುವುದನ್ನು ನಮ್ಮ ಹಿರಿಯರೂ ಕೆಲಕಾಲ ಕಲಿತಿದ್ದರು. ಆ ಅಭ್ಯಾಸ ಬೇಗ ಬರುತ್ತದೆ, ಹೋಗುವುದು ನಿಧಾನ.

ಆ ಹುಡುಗಿ ಈಗ ಯಾವ ಊರಿನಲ್ಲಿದ್ದಾಳೋ ತಿಳಿಯದು. ಎಲ್ಲಿಯೋ ಪಾಠ ಹೇಳುತ್ತಿರಲೂಬಹುದು. ಹೇಳುತ್ತಿದ್ದರೆ ಅವಳ ತರಗತಿಯಲ್ಲಿಯೂ ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು ನಿಂತು, “ಇದನ್ನು ಏಕೆ ನಂಬಬೇಕು?” ಎಂದು ಕೇಳುವಂತಾಗಲಿ. ಹೆದರದೆ ಹಾಗೆ ಕೇಳಬಹುದಾಗಿದ್ದರೆ, ಈ ಪುಸ್ತಕಗಳಲ್ಲಿ ಕೆಲವನ್ನು ಬರೆಯುವ ಆವಶ್ಯಕತೆಯೇ ಬೀಳುತ್ತಿರಲಿಲ್ಲ.